ಮಾವ ಸುತ್ತಿಟ್ಟ ಚುಟ್ಟ

ನನ್ನ ಮಾವನನ್ನು, ಅಂದರೆ ಗಂಡನ ಅಪ್ಪನನ್ನು, ನಾನು ನೋಡಿಲ್ಲ. ಫೋಟೋ ತೆಗೆಸಿಕೊಳ್ಳುವ ಮನೆತನ ನಮ್ಮದಲ್ಲ. ಅವರು ಕಪ್ಪಗಿದ್ದರೋ ಕೆಂಪಗಿದ್ದರೋ, ದನಿ ದಪ್ಪಗಿತ್ತೋ ತೆಳ್ಳಗಿತ್ತೋ, ಎಲ್ಲ ಬೇರೆಯವರು ಹೇಳಿದ್ದು, ಅದೂ ಒಬ್ಬೊಬ್ಬರು ಒಂದೊಂದು ಥರ. ಆದರೆ ಅವರ ಕೈರುಚಿ ನನ್ನ ನಾಲಿಗೆಗೆ ಗೊತ್ತು. ಅದನ್ನು ಮಾತ್ರ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಭೀಮರಾಯನಗುಡಿಯಲ್ಲಿ. ಮೊಮ್ಮಗಳ ಮಾವನವರು ಅಲ್ಲಿಯ ನೀರಾವರಿ ಕ್ಯಾಂಪಿನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಊಟವಾದ ಮೇಲೆ ಗಂಡಸರೆಲ್ಲ ಪಡಸಾಲೆಯಲ್ಲಿ ಕೂತಾಗ ಒಂದು ಮರದ ಪೆಟ್ಟಿಗೆ ತೆರೆದರು. ಒಳಗೊಂದು ಸಿಗಾರು. ವರ್ಷಗಟ್ಟಲೆ ಇಟ್ಟು ಹಳೆಯದು ಮಾಡಿದ್ದು, ಹಳೆಯದಾದಷ್ಟೂ ಬೆಲೆ ಅಂತ ಹೇಳಿ, ತುದಿ ಕತ್ತರಿಸಿ ಹೊತ್ತಿಸಿದರು. ಒಳಗೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ ನನ್ನ ಮೂಗಿಗೆ ಆ ಹೊಗೆ ಬಂತು ನೋಡಿ, ಸುಮ್ಮನಿರಲು ಆಗಲಿಲ್ಲ. ಎದ್ದು ಹೋಗಿ ಅವರ ಮುಂದೆ ಕೈ ಚಾಚಿದೆ. ಮೊಮ್ಮಗಳಿಗೆ ನೆಲ ಬಾಯಿ ಬಿಡಬಾರದೇ ಅನ್ನುವಂತಾಯಿತು. ಬೀಗರು ದೊಡ್ಡ ಮನಸ್ಸಿನವರು, ನಗುತ್ತ ಕೊಟ್ಟರು. ಎರಡು ಸಲ ಎಳೆದು ವಾಪಸು ಕೊಟ್ಟೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಹೇಗಿದೆ ಅಂತ ಕೇಳಿದರು. ಚಲೋ ಅದರಿ, ಆದರ ಇಂಥಾದ್ದ ನಾ ಹಿಂದ ಸೇದೀನಿ ಅಂದೆ. ಎಲ್ಲರೂ ನಕ್ಕರು. ಮುದುಕಿಗೆ ಅರಳು ಮರಳು ಅಂದುಕೊಂಡಿರಬೇಕು. ನಾನೂ ಅವರ ಜೊತೆ ನಕ್ಕು ಒಳಗೆ ಬಂದು ಕೂತೆ.

ರಂಗಂಪೇಟೆಯಿಂದ ದೋರನಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ನಿಜಾಮರ ಆಳ್ವಿಕೆ ಹೋಗಿ ಕೆಲವು ವರ್ಷ ಆಗಿತ್ತು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಇಷ್ಟೇ ಜನ. ಹಟ್ಟಿಯಲ್ಲಿ ಒಂದಿಷ್ಟು ಕುರಿ, ಊರ ಅಂಚಿನಲ್ಲಿ ಮನೆಯ ಹಿಂದೆಯೇ ಒಂದು ತುಂಡು ಹೊಲ. ಅತ್ತೆಯ ಹಣೆಯಲ್ಲಿ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ಮಾವ ಎಲ್ಲಿ ಅಂತ ಮದುವೆಯ ದಿನ ಯಾರು ಕೇಳಿದರೂ ಅತ್ತೆಯದು ಒಂದೇ ಉತ್ತರ, ಊರಿಗೆ ಹೋಗ್ಯಾರ, ಬರ್ತಾರ. ಮಗನ ಮದುವೆಗೂ ಬರಲಾಗದಂಥ ಊರು ಅದ್ಯಾವುದು ಅಂತ ನಮ್ಮವ್ವ ನನ್ನ ಕಿವಿಯಲ್ಲಿ ಗೊಣಗಿದಳು. ಊರಿನವರಿಗೆಲ್ಲ ಸಂಗತಿ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಮಾವ ಹೋದದ್ದು ಗದ್ದಲದ ವರ್ಷ. ರಾಜ್ಯ ಕೈ ಬದಲಾದ ಆ ವರ್ಷಕ್ಕೆ ನಮ್ಮ ಕಡೆ ಬೇರೆ ಹೆಸರಿಲ್ಲ. ಹೊಲ, ಕುರಿ ಇದ್ದರೂ ಮಾವನ ಮನಸ್ಸೆಲ್ಲ ಚುಟ್ಟದ ಮೇಲೆ. ಯಾದಗಿರಿಯಲ್ಲಿ ರೈಲು ಹತ್ತಿ ತೆಲುಗು ಸೀಮೆಗೆ ಹೋಗಿ ತಂಬಾಕಿನ ಎಲೆ ತರುತ್ತಿದ್ದರು. ಮನೆಯಲ್ಲಿ ಕೂತು ಸುತ್ತಿ ಶಹಾಪುರ, ಸುರಪುರದ ಸಂತೆಗಳಲ್ಲಿ ಮಾರುತ್ತಿದ್ದರು. ಈ ಗದ್ದಲದಲ್ಲಿ ಹೋಗಬೇಡಿ ಅಂತ ಅತ್ತೆ ಹೇಳಿದ್ದಳಂತೆ. ಗದ್ದಲಕ್ಕೆ ತಂಬಾಕಿನ ಹಂಗಾಮು ಕಾಯುತ್ತದೇನು ಅಂತ ಹೊರಟುಬಿಟ್ಟರು. ಯಾದಗಿರಿಯಲ್ಲಿ ಅವರು ರೈಲು ಹತ್ತಿದ್ದನ್ನು ಕಂಡವರಿದ್ದರು. ಇಳಿದದ್ದನ್ನು ಕಂಡವರಿರಲಿಲ್ಲ. ಗದ್ದಲ ನಿಂತ ಮೇಲೆ ನನ್ನ ಗಂಡ, ಮಾವ ಎಲೆ ಕೊಳ್ಳುತ್ತಿದ್ದ ಊರಿನತನಕ ಹೋಗಿ ವಿಚಾರಿಸಿ ಬಂದರು. ಆ ವರ್ಷ ಅವರು ಬರಲೇ ಇಲ್ಲ ಅಂತ ಅಲ್ಲಿಯವರು ಹೇಳಿದರು.

ಹೋಗುವ ಮೊದಲು ಮಾವ ಒಂದು ಗಡಿಗೆ ತುಂಬಿಸಿಟ್ಟಿದ್ದರು. ಸಂತೆಯ ಚುಟ್ಟ ಬೇರೆ, ಗಡಿಗೆಯದು ಬೇರೆ. ಒಳ್ಳೆಯ ಎಲೆ ಸಿಕ್ಕ ವರ್ಷ ಅದರಲ್ಲೂ ಹದವಾದವನ್ನು ಆರಿಸಿ, ಬೆಲ್ಲದ ನೀರು ಚಿಮುಕಿಸಿ, ದಪ್ಪಗೆ ಸುತ್ತಿ, ಹೊಸ ಗಡಿಗೆಯಲ್ಲಿ ಜೋಡಿಸಿ ಬಾಯಿಗೆ ಬಟ್ಟೆ ಬಿಗಿದುಬಿಡುತ್ತಿದ್ದರು. ಎರಡು ಮಳೆಗಾಲ ದಾಟದೆ ಅದನ್ನು ಯಾರೂ ಬಿಚ್ಚುವ ಹಾಗಿರಲಿಲ್ಲ. ಹೊಸ ಹುಣಸೆಗೂ ಹಳೆ ಹುಣಸೆಗೂ ಇರುವ ಫರಕೇ ಇದಕ್ಕೂ ಇರೋದು ಅಂತ ಅತ್ತೆ ನನಗೆ ತಿಳಿಸಿ ಹೇಳಿದ್ದಳು. ಗಡಿಗೆಯದು ಮಾರಾಟಕ್ಕಲ್ಲ. ಸಂಜೆ ಕಟ್ಟೆಯ ಮೇಲೆ ಕೂತು ಮಾವ ಒಂದು ಹೊತ್ತಿಸುತ್ತಿದ್ದರು. ಅರ್ಧ ಸೇದಿ, ಉಳಿದರ್ಧ ಅತ್ತೆಯ ಕೈಗೆ ಕೊಡುತ್ತಿದ್ದರು. ಬಾಗಿಲ ಒಳಮಗ್ಗುಲಿಗೆ ಕೂತು ಅತ್ತೆ ಅದನ್ನು ಮುಗಿಸುತ್ತಿದ್ದಳು. ಅವಳು ತಾನಾಗಿ ಎಂದೂ ಹೊತ್ತಿಸಿದವಳಲ್ಲ. ಮಾವ ಹೋದ ಮೇಲೆ ಸೇದುವುದನ್ನೇ ಬಿಟ್ಟಳು.

ಬಿಟ್ಟಳು ಅಂದರೆ ಗಡಿಗೆಯನ್ನು ಬಿಟ್ಟಳು ಅಂತಲ್ಲ. ನೀರಿನ ಹರವಿಯ ಪಕ್ಕ, ತಂಪು ತಾಕುವಷ್ಟು ದೂರದಲ್ಲಿ ಅದರ ಜಾಗ. ನಮ್ಮ ಬಿಸಿಲು ಗೊತ್ತಲ್ಲ, ಕಲ್ಲೂ ಸೀಳುವ ಬಿಸಿಲು. ಬೇಸಿಗೆಯಲ್ಲಿ ಗಡಿಗೆಗೆ ಗೋಣಿತಟ್ಟು ಸುತ್ತಿ ನೀರು ಚಿಮುಕಿಸುತ್ತಿದ್ದಳು. ಮಳೆ ಹಿಡಿದರೆ ಎತ್ತಿ ಒಲೆಯ ಕಡೆಗೆ ಒಯ್ದಿಡುತ್ತಿದ್ದಳು, ಬೂಸು ಬಂದೀತು ಅಂತ. ಯುಗಾದಿಗೊಮ್ಮೆ ಬಾಯಿ ಬಿಚ್ಚಿ, ಕೆಳಗಿನವನ್ನು ಮೇಲೆ ಮಾಡಿ, ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೆ ಬಟ್ಟೆ ಬಿಗಿಯುತ್ತಿದ್ದಳು. ಆಗ ಮನೆಯ ತುಂಬ ಹಳೆ ಬೆಲ್ಲದ ಥರದ ಒಂದು ವಾಸನೆ ಆಡುತ್ತಿತ್ತು. ಹೊಸದಾಗಿ ಬಂದಿದ್ದ ನನಗೆ ಸಿಟ್ಟು ಬರುತ್ತಿತ್ತು. ಈ ಮನೆಯಲ್ಲಿ ಸೊಸೆಗಿಂತ ಗಡಿಗೆಗೆ ಮರ್ಯಾದೆ ಹೆಚ್ಚು ಅಂತ ಗಂಡನ ಮುಂದೆ ಹಾರಾಡಿದ್ದೂ ಇದೆ. ಅವರು ಕುರಿ ಹೊಡೆದುಕೊಂಡು ಹೋಗುತ್ತಿದ್ದರು.

ಸುತ್ತಮುತ್ತಲ ಎಲ್ಲವೂ ಬದಲಾಗುತ್ತಿತ್ತು. ಕಚೇರಿಯ ಉರ್ದು ಕಾಗದ ಹೋಗುತ್ತಿತ್ತು. ಸಂತೆಯಲ್ಲಿ ನಿಜಾಮರ ಹಾಲಿ ಸಿಕ್ಕಾ ಹೋಗಿ ಹೊಸ ರೂಪಾಯಿ ಬರುತ್ತಿತ್ತು. ಬೇರೆಯವರಿಗೆ ಇದೆಲ್ಲ ಕಟ್ಟೆಯ ಮೇಲಿನ ಮಾತು. ಅತ್ತೆಗೆ ಮಾತ್ರ ಪ್ರತಿಯೊಂದೂ ಚಿಂತೆ. ಅವರ ಜೇಬಿನಲ್ಲಿ ಹಾಲಿ ಸಿಕ್ಕಾನೇ ಇರುತ್ತದೆ, ಬರುವಾಗ ಟಿಕೀಟಿಗೆ ನಡೆಯುತ್ತದೋ ಇಲ್ಲವೋ ಅಂತ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ನಮ್ಮ ಸೀಮೆಯೆಲ್ಲ ಇನ್ನು ಮೈಸೂರಿಗೆ ಸೇರುತ್ತದಂತೆ ಅಂತ ಶಹಾಪುರದಿಂದ ಸುದ್ದಿ ಬಂದಾಗಲೂ ಅಷ್ಟೇ. ಹೋಗುವಾಗ ಒಂದು ರಾಜ್ಯ ಇತ್ತು, ಬರುವುದರೊಳಗೆ ಮೂರನೆಯದಾಯಿತು, ಊರು ಯಾವುದು ಅಂತ ಕೇಳಿದರೆ ಅವರು ಏನು ಹೇಳಬೇಕು ಅಂದಳು. ಮಗನಿಗೆ ಕೇಳಿಸಿಕೊಳ್ಳಲಾಗುತ್ತಿರಲಿಲ್ಲ, ಎದ್ದು ಹೋಗಿಬಿಡುತ್ತಿದ್ದರು.

ತಾಯಿ ಮಗನ ನಡುವಿನ ಈ ನೋವು ವರ್ಷಕ್ಕೊಮ್ಮೆ ಹೊರಗೆ ಬೀಳುತ್ತಿತ್ತು. ದಸರೆಗೆ ಮುಂಚಿನ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದನ್ನೇ ಮಾಡಿ ಎಲೆಗೆ ಬಡಿಸುವುದು. ಹೋಳಿಗೆ ಇಷ್ಟವಿದ್ದವರಿಗೆ ಹೋಳಿಗೆ, ಸೆರೆ ಕುಡಿಯುತ್ತಿದ್ದವರಿಗೆ ಸೆರೆ. ಅವತ್ತು ಯಾರ ಮನೆಯ ಹಿರಿಯರೂ ಹಸಿದಿರಬಾರದು. ನಮ್ಮ ಮನೆಯಲ್ಲೂ ಮಾವನ ಅಪ್ಪ ಅವ್ವನಿಗೆ ಎಡೆ ಇರುತ್ತಿತ್ತು. ಮಾವನಿಗೆ ಇರುತ್ತಿರಲಿಲ್ಲ. ಇಡಲು ಅತ್ತೆ ಬಿಡುತ್ತಿರಲಿಲ್ಲ.

ನಾನು ಬಂದ ಮೊದಲ ವರ್ಷವೇ ಆ ಜಗಳ ಕಂಡೆ. ಜಗಳ ಅಂದರೆ ಕೂಗಾಟವಲ್ಲ. ಎಲೆಯ ಮುಂದೆ ಕೂತ ನನ್ನ ಗಂಡ ತಲೆ ತಗ್ಗಿಸಿಯೇ ಹೇಳಿದರು.

"ಯವ್ವಾ, ಇವತ್ತ ಊರಾಗಿನ ಎಲ್ಲಾರ ಹಿರೇರೂ ಉಂಡಾರ. ನಮ್ಮಪ್ಪ ಒಬ್ಬನ ಹಸದು ತಿರಗಾಕತ್ತಾನ."

"ಇದ್ದವನಿಗೆ ಎಡಿ ಹಿಡದ್ರ ಅವನ ಬಾಯಾಗಿನ ತುತ್ತ ಕಸದಂಗ," ಅಂದಳು ಅತ್ತೆ. "ಅವರು ಎಲ್ಲೋ ಉಣ್ಣಾಕತ್ತಾರ. ನೀ ಕಸೀಬ್ಯಾಡ."

ಇಬ್ಬರದೂ ಒಂದೇ ಚಿಂತೆ, ಆ ಮನುಷ್ಯ ಉಂಡನೋ ಇಲ್ಲವೋ ಅನ್ನುವುದು. ಸತ್ತಿದ್ದರೆ ಎಡೆ ಇಡದೆ ನಾವೇ ಅವರನ್ನು ಉಪವಾಸ ಕೆಡವಿದ ಹಾಗೆ. ಬದುಕಿದ್ದರೆ ಎಡೆ ಇಟ್ಟು ನಾವೇ ಕೊಂದ ಹಾಗೆ. ಯಾರ ಪರ ಮಾತಾಡಬೇಕೋ ನನಗೆ ತಿಳಿಯುತ್ತಿರಲಿಲ್ಲ. ಅತ್ತೆಯ ಕುಂಕುಮ ನೋಡಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಆದರೆ ಪ್ರತಿ ಅಮಾವಾಸ್ಯೆಗೂ ನನ್ನ ಗಂಡ ಅರ್ಧ ಊಟಕ್ಕೇ ಏಳುತ್ತಿದ್ದರು. ಹಬ್ಬದ ಅಡುಗೆ ಮಾಡಿದವಳಿಗೆ ಅದು ಎಷ್ಟು ಚುಚ್ಚುತ್ತದೆ ಅಂತ ಮಾಡಿದವರಿಗೇ ಗೊತ್ತು.

ಮೈಸೂರಿಗೆ ಸೇರುವ ಮಾತು ನಡೆದಿದ್ದ ಆ ವರ್ಷದ ಅಮಾವಾಸ್ಯೆಗೆ ಒಂದು ವಾರ ಇರುವಾಗ ನನ್ನ ಗಂಡನಿಗೆ ಜ್ವರ ಬಂತು. ಜ್ವರದಲ್ಲಿ ಅಪ್ಪ ಬಾಗಿಲಲ್ಲಿ ನಿಂತಾನ, ಒಳಗೆ ಕರೀರಿ ಅಂತ ಬಡಬಡಿಸಿದರು. ಅತ್ತೆ ಅದನ್ನು ಕೇಳಿ ಬಾಗಿಲಿಗೆ ಹೋಗಿ ನೋಡಿ ಬಂದಳು. ನಾನು ಅವತ್ತೇ ನಿಶ್ಚಯ ಮಾಡಿದೆ. ಜ್ವರ ಇಳಿದ ಮೇಲೆ ಗಂಡನಿಗೆ ಹೇಳಿದೆ, ಈ ಸಲ ಹೊಲದಲ್ಲಿ ಎಡೆ ಇಡೋಣ, ಅತ್ತೆಗೆ ಗೊತ್ತಾಗುವುದು ಬೇಡ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ಹಟ್ಟಿ ಬಳಿಯುತ್ತಿದ್ದಾಗ ಅವರೇ ಗಡಿಗೆಯ ಬಾಯಿ ಬಿಚ್ಚಿ ಒಂದು ಚುಟ್ಟ ತೆಗೆದು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡರು. ಅದನ್ನು ತಪ್ಪು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ.

ಮನೆಯ ಎಡೆ ಮುಗಿದು, ಅತ್ತೆ ಉಂಡು ಕುರಿಮರಿಗಳಿಗೆ ಸೊಪ್ಪು ಹಾಕಲು ಹೋದ ಮೇಲೆ ನಾನು ಬುಟ್ಟಿ ಎತ್ತಿಕೊಂಡು ಹೊಲಕ್ಕೆ ನಡೆದೆ. ಗಂಡ ಮೊದಲೇ ಹೋಗಿ ಬೇವಿನ ಮರದ ಬುಡ ಗುಡಿಸಿಟ್ಟಿದ್ದರು. ಮುತ್ತಲ ಎಲೆ ಹಾಸಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಹೋಳಿಗೆ ಬಡಿಸಿದೆ. ಪುಂಡಿ ಪಲ್ಯ ಮಾವನಿಗೆ ಬಲು ಪ್ರೀತಿಯಂತೆ. ಕೊನೆಗೆ ಚುಟ್ಟ.

ಅಲ್ಲಿ ಸಿಕ್ಕಿಬಿದ್ದೆವು. ಎಡೆಗೆ ಇಡುವ ಚುಟ್ಟ ಹೊತ್ತಿರಬೇಕು. ಬೀಡಿಯಾದರೆ ಕಡ್ಡಿ ತೋರಿಸಿದರೆ ಒಂದಿಷ್ಟು ಹೊಗೆಯಾಡುತ್ತದೆ. ವರ್ಷಗಟ್ಟಲೆ ಗಡಿಗೆಯ ತಂಪಿನಲ್ಲಿ ಮಲಗಿದ್ದ ದಪ್ಪ ಚುಟ್ಟ ಅದಕ್ಕೆಲ್ಲ ಜಗ್ಗಲಿಲ್ಲ. ಕಡ್ಡಿ ಗೀರಿ ಹಿಡಿದರೆ ತುದಿ ಕಪ್ಪಾಗಿ ಆರುತ್ತಿತ್ತು. ಗಂಡ ರುಮಾಲಿನಿಂದ ಗಾಳಿ ಹಾಕಿದರು, ನಾನು ಊದಿದೆ. ಏನೂ ಆಗಲಿಲ್ಲ. ಬಾಯಲ್ಲಿಟ್ಟು ಎಳೆಯದೆ ಹೊತ್ತುವ ಜಾತಿಯದಲ್ಲ ಅದು. ಬಾಯಲ್ಲಿಟ್ಟರೆ ಎಂಜಲು. ಎಂಜಲನ್ನು ಹಿರಿಯರ ಎಲೆಗೆ ಇಡುವುದುಂಟೇ?

ನಾನು ರೇಗಿದೆ. ಆರಿದ ಚುಟ್ಟ ಇಟ್ಟರೆ ಮಾವ ಅದನ್ನು ತಗೊಂಡು ಕಿವಿಗೆ ಸಿಗಿಸಿಕೊಳ್ಳಬೇಕೇನು, ಮಗನ ಎಂಜಲು ಅಪ್ಪನಿಗೆ ಮೈಲಿಗೆಯಾಗುವುದಿಲ್ಲ, ಎಳೆಯಿರಿ ಅಂದೆ. ಜನ್ಮದಲ್ಲಿ ಬೀಡಿ ಮುಟ್ಟದವರು ಕಣ್ಣು ಮುಚ್ಚಿ ಎದೆತುಂಬ ಎಳೆದರು. ಚುಟ್ಟ ಹೊತ್ತಿತು. ಅವರು ಕೆಮ್ಮುತ್ತ ನೆಲ ಹಿಡಿದು ಕೂತರು. ಕಣ್ಣು ಮೂಗಿನಲ್ಲೆಲ್ಲ ನೀರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ ಕೆಮ್ಮಿನ ನಡುವೆಯೇ ನಗು ಬಂತು. ಎಡೆಯ ಮುಂದೆ ಹಾಗೆ ನಗಬಾರದು. ಆದರೆ ಎಷ್ಟೋ ವರ್ಷಗಳಿಂದ ಹೊತ್ತುಕೊಂಡಿದ್ದ ಭಾರ ಇಳಿಯುವ ಹೊತ್ತು ಅದು, ನಕ್ಕೆವು.

ಗಾಳಿ ಹೊಲದಿಂದ ಮನೆಯ ಕಡೆಗೆ ಬೀಸುತ್ತಿತ್ತು. ಅದು ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ. ಸಂತೆಯ ಚುಟ್ಟದ ಹೊಗೆ ಊರಲ್ಲಿ ಎಲ್ಲೆಂದರಲ್ಲಿ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಗಡಿಗೆಯ ಚುಟ್ಟ ಹೊತ್ತಿಸುತ್ತಿದ್ದವರು ಇಡೀ ದೋರನಹಳ್ಳಿಯಲ್ಲಿ ಒಬ್ಬರೇ.

ಬಳೆಗಳ ಸದ್ದಿಗೆ ತಿರುಗಿ ನೋಡಿದೆ. ಅತ್ತೆ ಹೊಲದ ಬದುವಿನ ಮೇಲೆ ಓಡಿ ಬರುತ್ತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕೈಯಲ್ಲಿ ನೀರು ತುಂಬಿದ ಚೆಂಬು, ದಾರಿಯಲ್ಲೇ ಅರ್ಧ ಚೆಲ್ಲಿ ಸೀರೆಯೆಲ್ಲ ನೆನೆದಿತ್ತು. ಊರಿನಿಂದ ಬಂದವರಿಗೆ ಕಾಲಿಗೆ ನೀರು ಕೊಡಬೇಕಲ್ಲ. ಅಷ್ಟು ಅವಸರದಲ್ಲೂ ಅದನ್ನು ಮರೆತಿರಲಿಲ್ಲ.

ಹತ್ತಿರ ಬಂದವಳು ನಮ್ಮನ್ನು ನೋಡಲಿಲ್ಲ. ಮರದ ಆಚೆ ನೋಡಿದಳು, ಬಾವಿಯ ಕಡೆ ನೋಡಿದಳು.

"ಎಲ್ಲಿ ಅದಾರ?" ಅಂದಳು.

ನನ್ನ ಗಂಡನ ಬೆರಳ ನಡುವೆ ಚುಟ್ಟ ಹೊಗೆಯಾಡುತ್ತಿತ್ತು. ಅವಳ ಕಣ್ಣು ಮೊದಲು ಅದರ ಮೇಲೆ ಬಿತ್ತು, ಆಮೇಲೆ ಎಲೆಯ ಮೇಲೆ. ರೊಟ್ಟಿ, ಪಲ್ಯ, ಹೋಳಿಗೆ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಬೈಯುತ್ತಾಳೆ, ಎಲೆಯನ್ನು ಒದೆಯುತ್ತಾಳೆ ಅಂತ ನಾನು ಗಟ್ಟಿಯಾಗಿ ನಿಂತೆ. ಅವಳು ಚೆಂಬನ್ನು ಚೆಲ್ಲದ ಹಾಗೆ ನೆಲಕ್ಕಿಟ್ಟು, ಎಲೆಯ ಮುಂದೆ ಕೂತಳು. ಅಪ್ಪಾ ಅಂತಲೋ ಅಯ್ಯೋ ಅಂತಲೋ ಒಂದು ಸದ್ದು ಅವಳ ಬಾಯಿಂದ ಬಂತು, ಅಷ್ಟೇ. ನನಗೆ ಎದೆ ಒಡೆದು ಅಳು ಬಂತು, ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಚುಟ್ಟ ಆರುತ್ತ ಬಂತು. ಅವಳು ಕೈ ಚಾಚಿ ಮಗನಿಂದ ಅದನ್ನು ತೆಗೆದುಕೊಂಡಳು. ಅಷ್ಟು ವರ್ಷ ಗಂಡ ಹೊತ್ತಿಸಿ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದ ಕೈ ಅದು, ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ತುಟಿಗಿಟ್ಟು, ಎದೆಗೆ ಒಯ್ಯದೆ, ಬಾಯಲ್ಲೇ ಸ್ವಲ್ಪ ಸ್ವಲ್ಪ ಎಳೆದಳು. ಬೂದಿಯ ಒಳಗಿಂದ ಕೆಂಪು ನಿಧಾನಕ್ಕೆ ಮೇಲೆ ಬಂತು. ಹೊಗೆಯನ್ನು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಮುಖ ಸಡಿಲವಾಯಿತು. ಅವಳ ಮುಖ ಅಷ್ಟು ಎಳೆಯದಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

"ಅವಸರ ಮಾಡಬಾರದು ಇದಕ್ಕ," ಅಂದಳು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. "ನೀ ನಿನ್ನ ಮಾವನ್ನ ನೋಡಿಲ್ಲಲ್ಲ. ತಗೋ."

ಗಂಡನ ಎದುರು, ಅತ್ತೆಯ ಕೈಯಿಂದ, ಚುಟ್ಟ. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ. ಕಣ್ಣೀರು ಒರೆಸಿಕೊಂಡು ತೆಗೆದುಕೊಂಡೆ. ಅವಳು ಎಳೆದ ಹಾಗೆಯೇ ಸ್ವಲ್ಪ ಎಳೆದೆ. ಮೊದಲಿಗೆ ಏನೂ ಇಲ್ಲ, ಬಿಸಿ ಅಷ್ಟೇ. ಆಮೇಲೆ ನಾಲಿಗೆಯ ತುದಿಗೆ ಸಿಹಿ ಬಂತು, ಬೆಲ್ಲದ ಕೊಪ್ಪರಿಗೆಯ ತಳ ಹೊತ್ತಿದಾಗ ಬರುವಂಥ ಸಿಹಿ. ಅದರ ಹಿಂದೆ ಕಹಿ, ಚುಚ್ಚದ ಕಹಿ. ಸಂತೆಯ ಚುಟ್ಟದ ಘಾಟು ಲವಲೇಶವೂ ಇರಲಿಲ್ಲ. ಹೊಗೆ ಬಿಟ್ಟ ಮೇಲೂ ಬಾಯಲ್ಲಿ ಏನೋ ಉಳಿಯಿತು, ಹುರಿದ ಕಡಲೆಯ ಹಾಗೆ, ಒಣಗಿದ ಹುಲ್ಲಿನ ಹಾಗೆ. ಇಷ್ಟು ನಿಧಾನದ, ಇಷ್ಟು ತಾಳ್ಮೆಯ ಕೈ ಯಾರದೋ ಅವರೇ ನನ್ನ ಮಾವ ಅನ್ನಿಸಿತು. ಅವರ ಬಗ್ಗೆ ಊರವರು ಹೇಳಿದ್ದ ಯಾವ ಮಾತೂ ನನಗೆ ಅಷ್ಟು ನಿಜ ಅನ್ನಿಸಿರಲಿಲ್ಲ. ಅತ್ತೆ ನನ್ನ ಮುಖ ನೋಡಿ ತಲೆಯಾಡಿಸಿದಳು.

ಅಷ್ಟರಲ್ಲಿ ಚುಟ್ಟ ಅರ್ಧಕ್ಕೆ ಬಂದಿತ್ತು. ಮೂರು ಜನರ ಎಂಜಲಾಗಿತ್ತು. ಇನ್ನೊಂದು ತರಲೇ ಅಂತ ನನ್ನ ಗಂಡ ಮೆಲ್ಲಗೆ ಕೇಳಿದರು. ಬೇಡ ಅಂದಳು. ಅವರು ಅರ್ಧ ಸೇದಿ ನನಗೆ ಕೊಡುತ್ತಿದ್ದರು, ಇವತ್ತು ಅರ್ಧ ಸೇದಿ ನಾನು ಕೊಡುತ್ತೇನೆ, ನಮ್ಮಲ್ಲಿ ಎಂಜಲು ಯಾವುದು ಅಂದಳು. ಉರಿಯುವ ತುದಿ ಹೊರಗೆ ಬರುವ ಹಾಗೆ ಚುಟ್ಟವನ್ನು ಎಲೆಯ ಅಂಚಿಗೆ, ಹೋಳಿಗೆಯ ಪಕ್ಕದಲ್ಲಿ ಇಟ್ಟಳು. ಸೆರಗು ತಲೆಗೆ ಎಳೆದುಕೊಂಡಳು.

ಆಮೇಲೆ ಕಾಲು ತೊಳೆಯಲೆಂದು ತಂದಿದ್ದ ಚೆಂಬನ್ನು ಎತ್ತಿ, ಅಂಗೈಗೆ ನೀರು ಬಿಟ್ಟುಕೊಂಡು, ಎಲೆಯ ಸುತ್ತ ಹಾಕಿದಳು. ಕೈ ಜೋಡಿಸಲಿಲ್ಲ. ಹೊಲದಿಂದ ಹೊತ್ತು ಮೀರಿ ಬಂದವರನ್ನು ಊಟಕ್ಕೆ ಎಬ್ಬಿಸುವ ದನಿಯಲ್ಲಿ, ಸ್ವಲ್ಪ ಸಿಟ್ಟಿನಿಂದಲೇ ಹೇಳಿದಳು.

"ಭಾಳ ತಡಾ ಆತು. ಉಣ್ರಿ."